ಎರಡು ತೂತಿನ ಬುಡ್ಡಿ

ಒಬ್ದುಲಿಯಾ ಮಾಡಿದ ಬುಡ್ಡಿದೀಪವನ್ನು ನೊರ್ಕಾ ತನ್ನದೆಂದು ಹೇಳಿ ಪ್ರದರ್ಶನಕ್ಕಿಟ್ಟಳು. ಮೊದಲ ಬಹುಮಾನ ಅವಳಿಗೆ ಬಂತು.

ಬಹುಮಾನವೆಂದರೆ ಒಂದು ಕರೆಂಟಿನ ಫ್ಯಾನು. ಮಾನ್ಸಾನಿಯೊ ಎಂಬ ಆ ಕಡಲತೀರದ ಊರಿನಲ್ಲಿ ಆ ವರ್ಷ ಸಂಜೆಯಾದರೆ ಕರೆಂಟು ಇರುತ್ತಿರಲಿಲ್ಲ. ಹಗಲು ಬಂದರೂ ಹೊಸಿಲ ಮೇಲೆ ನಿಂತು ಮಾತಾಡಿಸಿ ಹೋಗುವ ನೆಂಟನ ಹಾಗೆ ಬರುತ್ತಿತ್ತು. ಕರೆಂಟಿಲ್ಲವೆಂದು ದೀಪ ಮಾಡಿದವಳಿಗೆ ಕರೆಂಟಿನ ಫ್ಯಾನು ಕೊಟ್ಟ ಬೀದಿ ಸಮಿತಿಯ ಜಾಣತನಕ್ಕೆ ವಠಾರವೆಲ್ಲ ನಕ್ಕಿತು. ಒಬ್ದುಲಿಯಾ ನಗಲಿಲ್ಲ. ಅವಳ ಬಾಗಿಲಿಗೆ ನೊರ್ಕಾಳ ಬಾಗಿಲು ನೇರ ಎದುರು. ನಡುವೆ ಅಂಗಳ, ಒಂದು ನಲ್ಲಿ, ಬಟ್ಟೆ ಒಣಹಾಕುವ ಹಗ್ಗ. ಹಗ್ಗದ ಮೇಲಿನ ಲಂಗಗಳ ಸಂದಿಯಲ್ಲಿ ಆ ತಿರುಗದ ಫ್ಯಾನು ಮೇಜಿನ ಮೇಲೆ ಕೂತಿರುವುದು ದಿನವೂ ಕಾಣುತ್ತಿತ್ತು. ನೋಡಬಾರದೆಂದುಕೊಂಡಾಗಲೆಲ್ಲ ಹೆಚ್ಚು ಕಾಣುತ್ತಿತ್ತು.

ರಷ್ಯದಿಂದ ಸಾಮಾನಿನ ಹಡಗುಗಳು ಬರುವುದು ನಿಂತ ವರ್ಷಗಳು ಅವು. ಒಡೆದ ಲೋಟಕ್ಕೆ ಬದಲು ಇನ್ನೊಂದು ಲೋಟ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಖಾಲಿ ಗಾಜಿನ ಭರಣಿಗಳು ಮಾತ್ರ ಮನೆಮನೆಯಲ್ಲೂ ಉಳಿದಿದ್ದವು. ಅವುಗಳೊಳಗಿದ್ದದ್ದು ಹೊಟ್ಟೆ ಸೇರಿ ಬಹಳ ಕಾಲವಾಗಿತ್ತು. ಒಬ್ದುಲಿಯಾಳ ಸಂಸಾರವೇ ಆ ಭರಣಿಗಳಲ್ಲಿ ನಡೆಯುತ್ತಿತ್ತು. ರಷ್ಯದ ಸೌತೆ ಉಪ್ಪಿನಕಾಯಿ ಬಂದಿದ್ದ ದೊಡ್ಡ ಭರಣಿಗಳಲ್ಲಿ ಅಕ್ಕಿ, ಹುಳ ಹಿಡಿಯದಿರಲೆಂದು ಒಳಗೊಂದು ಒಣ ಪಲಾವ್ ಎಲೆ. ಗೋಡೆಯ ಹಲಗೆಯ ಅಡಿಗೆ ಮುಚ್ಚಳಗಳನ್ನು ಮೊಳೆ ಹೊಡೆದು ಕೂರಿಸಿ, ಅವಕ್ಕೆ ಸಣ್ಣ ಭರಣಿಗಳನ್ನು ಕೆಳಗಿನಿಂದ ತಿರುಗಿಸಿ ತೂಗುಹಾಕಿದ್ದಳು: ಒಂದರಲ್ಲಿ ಗುಂಡಿ, ಒಂದರಲ್ಲಿ ಸೂಜಿ, ಒಂದರಲ್ಲಿ ಬಗ್ಗಿದ ಮೊಳೆ ತಟ್ಟಿ ನೇರ ಮಾಡಿದ್ದು. ಸೀಮೆಎಣ್ಣೆಯಲ್ಲಿ ನೆನೆಸಿದ ದಾರವನ್ನು ಬಾಟಲಿಯ ಸೊಂಟಕ್ಕೆ ಕಟ್ಟಿ, ಹೊತ್ತಿಸಿ, ತಣ್ಣೀರಿಗದ್ದಿ, ಟಕ್ಕೆಂದು ಕತ್ತರಿಸಿಕೊಂಡ ಬುಡವೇ ಲೋಟ. ಭರಣಿಗೆ ಕುದಿನೀರು ತುಂಬಿ ಮುಚ್ಚಿದರೆ ಮಗಳ ಕಾಲರಿಗೆ ಇಸ್ತ್ರಿ. ಹುರಿದ ಹಸಿ ಬಾಳೆಕಾಯಿ ಹೋಳನ್ನು ಚಪ್ಪಟೆ ಮಾಡಿ ಮತ್ತೆ ಎಣ್ಣೆಗೆ ಬಿಡುವ ಮುನ್ನ ಒತ್ತುವುದಕ್ಕೆ ಭರಣಿಯ ತಳ. ಹರಿದ ಕಾಲುಚೀಲ ಹೊಲಿಯುವಾಗ ಒಳಗೆ ತುರುಕುವುದಕ್ಕೂ ಭರಣಿಯೇ.

ಇದಕ್ಕೆಲ್ಲ ಅವಳದೊಂದು ಕಟ್ಟಳೆ ಇತ್ತು. ಭರಣಿ ಯಾವುದೇ ಇರಲಿ, ಮೊದಲು ಬೂದಿನೀರು, ಆಮೇಲೆ ನಿಂಬೆಸಿಪ್ಪೆ, ಆಮೇಲೆ ಬಿಸಿಲು. ಬಾಯಿಗೆ ಮೂಗಿಟ್ಟು ಮೂಸಿ ಹಳೆಯ ವಾಸನೆ ಹೋಗಿದೆಯೆಂದು ಖಾತರಿಯಾದ ಮೇಲೆಯೇ ಹೊಸದು ಒಳಗೆ. "ಹಿಂದಿನ ಸಂಸಾರ ಮರೆಯದವಳು ಹೊಸ ಸಂಸಾರ ಮಾಡಬಾರದು, ಭರಣಿಯೂ ಅಷ್ಟೇ," ಎನ್ನುತ್ತಿದ್ದಳು. ವಠಾರದಲ್ಲಿ ಎಲ್ಲ ಹೆಂಗಸರೂ ಭರಣಿ ತೊಳೆಯುತ್ತಿದ್ದರು. ಅವಳಷ್ಟು ಹೊತ್ತು ಯಾರೂ ತೊಳೆಯುತ್ತಿರಲಿಲ್ಲ.

ಬುಡ್ಡಿಯನ್ನು ಅವಳು ಮಾಡಿದ್ದು ಮಕ್ಕಳ ಹಣ್ಣಿನ ಗೊಜ್ಜು ಬರುತ್ತಿದ್ದ ಗಿಡ್ಡ ಭರಣಿಯಲ್ಲಿ. ಮುಚ್ಚಳಕ್ಕೆ ತೂತು, ಮುಗಿದ ಟೂತ್‌ಪೇಸ್ಟಿನ ತಗಡಿನ ಕೊಳವೆ ಕತ್ತರಿಸಿ, ಅದರ ಕುತ್ತಿಗೆಯನ್ನು ತೂತಿಗೆ ಕೂರಿಸಿ, ನೆಲ ಒರೆಸುವ ಬಟ್ಟೆಯ ಎಳೆಯನ್ನು ಬತ್ತಿಯಾಗಿ ಇಳಿಬಿಟ್ಟಿದ್ದಳು. ಇಷ್ಟನ್ನು ಊರಿನಲ್ಲಿ ಎಲ್ಲರೂ ಮಾಡುತ್ತಿದ್ದರು. ಅವಳದರಲ್ಲಿ ಇನ್ನೊಂದು ತೂತಿತ್ತು, ಸೂಜಿಯಷ್ಟು ಸಣ್ಣದು. ಒಳಗಿನ ಕಾವು ಹೊರಹೋಗಲು ದಾರಿ ಬೇಕಲ್ಲ. ಆ ತೂತಿದ್ದುದರಿಂದ ಅವಳ ದೀಪ ಹೊಗೆ ಕಾರುತ್ತಿರಲಿಲ್ಲ, ಕುಣಿಯುತ್ತಿರಲಿಲ್ಲ, ಒಂದೇ ಸಮ ಉರಿಯುತ್ತಿತ್ತು.

ನೊರ್ಕಾಳ ತಾಯಿಗೆ ಉಬ್ಬಸ ಹೆಚ್ಚಾದ ಒಂದು ಸಂಜೆ, ಆ ಮನೆಯ ದೀಪದ ಹೊಗೆ ಮುದುಕಿಗೆ ಆಗುತ್ತಿಲ್ಲವೆಂದು ಒಬ್ದುಲಿಯಾಳ ಮಗಳು ಮಾಯ್ಲೆನ್ ಅಲ್ಲಿಂದ ಓಡಿಬಂದು ಹೇಳಿದಳು. ಒಬ್ದುಲಿಯಾ ತನ್ನ ಬುಡ್ಡಿ ಕೊಟ್ಟು ಕಳಿಸಿದಳು. ಕಳಿಸುವಾಗ ಅಲ್ಲಿ ಎಲ್ಲರೂ ಹೇಳುವ ಮಾತನ್ನೇ ಹೇಳಿದಳು: "ಭರಣಿ ವಾಪಸ್ ಬರಬೇಕು ಅಂತ ಹೇಳು."

ಆ ಊರಿನಲ್ಲಿ ಪಪಾಯಿ ಸಿಹಿಯೋ ಹುರುಳಿ ಸಾರೋ ಭರಣಿಯಲ್ಲಿ ಮನೆಯಿಂದ ಮನೆಗೆ ಹೋದರೆ ಹಿಂದೆಯೇ ಆ ಮಾತು ಹೋಗುತ್ತದೆ. ಬಾಂಧವ್ಯ ಹಳಸಬಹುದು, ಭರಣಿ ವಾಪಸ್ ಬರಬೇಕು. ಬರುವಾಗ ಬರಿದಾಗಿ ಬರಬಾರದು, ತಳದಲ್ಲಿ ಎರಡು ನಿಂಬೆಯಾದರೂ ಇರಬೇಕು. ಆ ಭರಣಿ ಬರಲಿಲ್ಲ. ಒಬ್ದುಲಿಯಾ ಅದನ್ನು ಮತ್ತೆ ಕಂಡದ್ದು ಶಾಲೆಯ ಸಭಾಂಗಣದಲ್ಲಿ, ಬಿಳಿ ಬಟ್ಟೆ ಹೊದಿಸಿದ ಮೇಜಿನ ಮೇಲೆ. ಅದರ ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿತ್ತು. ರಿಬ್ಬನ್ನಿನ ಪಕ್ಕ ನೊರ್ಕಾ ನಗುತ್ತಿದ್ದಳು.

ಮರುದಿನ ಒಬ್ದುಲಿಯಾ ನಲ್ಲಿಯ ಹತ್ತಿರ ಅವಳನ್ನು ನಿಲ್ಲಿಸಿದಳು.

"ನನ್ನ ಭರಣಿ ಎಲ್ಲಿ?"

"ಸಮಿತಿ ಕಪಾಟಲ್ಲಿ ಕಣೆ. ದೊಡ್ಡವರ ಜೊತೆ ಕೂತಿದೆ, ಬರುತ್ತೆ ಬಿಡು."

"ಬುಡ್ಡಿ ನಂದು."

ನೊರ್ಕಾ ಬಟ್ಟೆ ಹಿಂಡುತ್ತಿದ್ದಳು. ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿ, ಆಮೇಲೆ ತಿರುಗಿದಳು. "ನಿಂದೇ. ಯಾರು ಇಲ್ಲ ಅಂದ್ರು? ಆದ್ರೆ ನೀನೇ ತಗೊಂಡು ಹೋಗಿದ್ರೆ ಯಾರು ತಿರುಗಿ ನೋಡ್ತಿದ್ರು ಹೇಳು. ಈ ಮುಖ ಇಟ್ಕೊಂಡು ಪಕ್ಕದಲ್ಲಿ ನಿಂತ್ರೆ ಉರಿಯೋ ದೀಪಾನೂ ಆರಿಹೋಗುತ್ತೆ."

ನಲ್ಲಿಯ ಸುತ್ತಲಿದ್ದ ಹೆಂಗಸರು ನಕ್ಕರು. ಒಬ್ದುಲಿಯಾ ತುಂಬದ ಬಕೆಟ್ಟನ್ನೇ ಎತ್ತಿಕೊಂಡು ಬಂದಳು.

ಇಬ್ಬರೂ ಅದೇ ವಠಾರದಲ್ಲಿ ಹುಟ್ಟಿದವರು, ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಅಂದಿನಿಂದ ಇಂದಿನವರೆಗೆ ಒಬ್ದುಲಿಯಾ ಮಾಡಿದ್ದನ್ನು ನೊರ್ಕಾ ಮಾಡಿದರೆ ಜನ ಕೂಡುತ್ತಿದ್ದರು. ನೊರ್ಕಾಳ ಕಿಟಕಿಯಲ್ಲೂ ಭರಣಿಗಳಿದ್ದವು. ಆದರೆ ಅವಳು ಅವುಗಳ ಬಾಯಿಗೆ ಹಳೆಯ ಲಂಗದ ಅಂಚು ಸುತ್ತಿ, ನೀರಿನಲ್ಲಿ ಗೆಣಸಿನ ಬಳ್ಳಿ ಬಿಟ್ಟು, ಬೆಳಗಿನ ಬಿಸಿಲು ಬೀಳುವ ಕಡೆ ಸಾಲಾಗಿಟ್ಟಿದ್ದಳು. ಹಾದುಹೋಗುವವರು ನಿಲ್ಲುತ್ತಿದ್ದರು. ಒಬ್ದುಲಿಯಾಳ ಹಲಗೆಯ ಕೆಳಗೆ ತೂಗುವ ಭರಣಿಗಳನ್ನು ನೋಡಲು ಯಾರೂ ಬಗ್ಗುತ್ತಿರಲಿಲ್ಲ.

ಹೊಟ್ಟೆಗೆ ಹೆಚ್ಚು ಕಿಚ್ಚಿಡುತ್ತಿದ್ದುದು ಮಗಳು. ಮಾಯ್ಲೆನ್ ಕಾಲೇಜು ಮುಗಿಸಿ ಬಂದವಳು ಮೊದಲು ಎದುರುಮನೆಗೆ ನುಗ್ಗುತ್ತಿದ್ದಳು.

"ಅಲ್ಲಿ ಕಾಫಿ ಚೆನ್ನಾಗಿರುತ್ತಮ್ಮ."

"ಅದೇ ಹುರಿದ ಬಟಾಣಿ ಪುಡಿ. ಅದೇ ನಲ್ಲಿ ನೀರು."

"ಆದ್ರೂ."

ಆ 'ಆದ್ರೂ' ಒಬ್ದುಲಿಯಾಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಬಹುಮಾನದ ಗುಂಗಿನಲ್ಲಿ ಬೀದಿ ಸಮಿತಿಯ ಅಧ್ಯಕ್ಷ ಎವರಾರ್ದೊ ಒಂದು ಆಜ್ಞೆ ಹೊರಡಿಸಿದ. 'ನಮಸ್ಕಾರ' ಎಂದರೂ ಠರಾವು ಓದಿದ ಹಾಗೆ ಕೇಳುವ ಗಂಟಲು ಅವನದು. ಸಮಿತಿಯ ವಾರ್ಷಿಕೋತ್ಸವದೊಳಗೆ ಬೀದಿಯ ಪ್ರತಿ ಮನೆಯಲ್ಲೂ ನೊರ್ಕಾಳ ಮಾದರಿಯ ದೀಪ ಉರಿಯಬೇಕು, ಮೇಲಿನವರು ನೋಡಲು ಬರುತ್ತಾರೆ, ಸೀಮೆಎಣ್ಣೆ ನಾನೇ ತರಿಸುತ್ತೇನೆ ಎಂದ. ಹೆಂಗಸರು ಮಡಿಲಿನಲ್ಲಿ ಭರಣಿ ಕಟ್ಟಿಕೊಂಡು ನೊರ್ಕಾಳ ಬಾಗಿಲಿಗೆ ಹೋದರು. ಮಾಯ್ಲೆನ್ ಅಲ್ಲೇ ಕೂತು ಮುಚ್ಚಳಕ್ಕೆ ತೂತು ಹೊಡೆಯತೊಡಗಿದಳು. ಸುತ್ತಿಗೆಯ ಟಕಟಕ ಅಂಗಳ ದಾಟಿ ಬಂದು ಒಬ್ದುಲಿಯಾಳ ತಲೆಯ ಮೇಲೆಯೇ ಬೀಳುತ್ತಿತ್ತು.

ಅವಳಿಗಿದ್ದ ಸಮಾಧಾನ ಒಂದೇ. ಎರಡನೆಯ ತೂತು ಯಾಕೆಂದು ನೊರ್ಕಾಳಿಗೆ ಗೊತ್ತಿರಲಾರದು. ಗೀರು ಬಿದ್ದಿದೆ ಎಂದುಕೊಂಡು ಬಿಟ್ಟಿರುತ್ತಾಳೆ. ಬಿಟ್ಟರೆ ಒಂದಲ್ಲ ಒಂದು ದಿನ ಯಾವುದಾದರೂ ಭರಣಿ ಕಾವು ತಡೆಯದೆ ಬಿರಿಯುತ್ತದೆ. ಆಗ ಬೀದಿಗೆ ಬೀದಿಯೇ ತಿಳಿಯುತ್ತದೆ, ದೀಪ ಯಾರದು, ಕದ್ದವಳು ಯಾರು ಅಂತ. ಅಂಗಳ ದಾಟಿ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಬಾಗಿಲಲ್ಲಿ ಕೂತು ಬಿಳಿ ನೂಲಿನಿಂದ ಏನೋ ಹೆಣೆಯುತ್ತಿದ್ದಳು. ಏನು ಹೆಣೀತಿದೀಯಮ್ಮ ಎಂದು ಮಗಳು ಕೇಳಿದರೆ ಮಡಿಲೊಳಗೆ ಬಚ್ಚಿಡುತ್ತಿದ್ದಳು.

ಸೀಮೆಎಣ್ಣೆ ಬಂತು, ದೊಡ್ಡ ಪೀಪಾಯಿಯಲ್ಲಿ. ಎವರಾರ್ದೊ ತಾನೇ ನಿಂತು ಅಳೆದು ಕೊಟ್ಟ. ಆ ವಾರ ಎಲ್ಲರ ಸ್ಟೌಗಳೂ ಸಿಡುಕಿನಿಂದ ಉರಿದವು. ಕಡ್ಡಿ ಹತ್ತಿರ ತರುವ ಮೊದಲೇ ಭುಗ್ಗೆನ್ನುತ್ತಿದ್ದವು. "ಈ ಸಲದ ಎಣ್ಣೆಗೆ ಅತ್ತೆ ಬುದ್ಧಿ," ಎಂದು ನಲ್ಲಿಯ ಹತ್ತಿರ ತಮಾಷೆಯಾಯಿತು. ನೊರ್ಕಾಳ ಒಂದು ಹುಬ್ಬು ಅರ್ಧ ಸುಟ್ಟಿತು. ಅವಳು ಇದ್ದಿಲಿನಿಂದ ಹುಬ್ಬು ಬರೆದುಕೊಂಡು ಹೊರಬಂದಳು. ಅದೂ ಅವಳಿಗೆ ಒಪ್ಪುತ್ತಿತ್ತು.

ಮೂಲೆಮನೆಯ ಮುದುಕಿ ತೊಮಾಸಾಳ ದೀಪ ಒಡೆದದ್ದು ಆ ವಾರದ ಕೊನೆಗೆ. ಕತ್ತಲಾಗುವ ಹೊತ್ತಿಗೆ ಹೊತ್ತಿಸಿದ್ದಾಳೆ. ಢಬ್ಬೆಂದು ಭರಣಿ ಸಿಡಿದು ಬೆಂಕಿ ಮೇಜಿನ ಮೇಲೆ ಹರಿದು, ಪರದೆ ಹಿಡಿದು, ಮುದುಕಿಯ ತೋಳು ಮೊಣಕೈವರೆಗೆ ಬೆಂದಿತು. ಸದ್ದು ಕೇಳಿದೊಡನೆ ಒಬ್ದುಲಿಯಾಳಿಗೆ ಏನೆಂದು ಗೊತ್ತಾಯಿತು. ಮೊದಲು ಅವಳ ಹೊಟ್ಟೆಯಲ್ಲಿ ತಣ್ಣೀರು ಕುಡಿದಂತಾಯಿತು. ಅಬ್ಬಾ, ಆಯಿತಲ್ಲ, ಎಂದಿತು ಮನಸ್ಸು. ಆಮೇಲೆ ಎಲ್ಲರ ಹಿಂದೆ ಓಡಿದಳು. ತೊಮಾಸಾ ಅಳುತ್ತಿರಲಿಲ್ಲ. ಲೋಳೆಸರ ಹಚ್ಚಿದ ತೋಳನ್ನು ಯಾರದೋ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಕೂತಿದ್ದಳು. "ಪರದೆ ನನ್ನ ತಂಗಿ ಕೊಟ್ಟಿದ್ದು," ಎಂದಳು. ಒಬ್ದುಲಿಯಾಳ ಹೊಟ್ಟೆಯ ತಂಪು ಅಲ್ಲಿಯೇ ಇಂಗಿಹೋಯಿತು.

ಮರುದಿನ ಬೆಳಿಗ್ಗೆ ಎವರಾರ್ದೊ ಅವಳ ಮನೆಗೆ ಬಂದ. ಎಂದೂ ಬರದವನು. ಕೈಯಲ್ಲಿ ಬಟ್ಟೆಯ ಗಂಟು. ಮೇಜಿನ ಮೇಲೆ ಬಿಚ್ಚಿದ: ಗಾಜಿನ ಚೂರು, ಮಸಿ ಹಿಡಿದ ಮುಚ್ಚಳ.

"ಕಾಮ್ರೇಡ್ ಒಬ್ದುಲಿಯಾ, ನಿಮಗೆ ಅನ್ಯಾಯ ಆಗಿದೆ. ನನಗೆ ಈಗ ತಿಳೀತು."

"ಈಗ."

"ದೀಪ ನಿಮ್ಮದು. ಕದ್ದಿದ್ದೂ ಅಲ್ದೆ ಅವಳಿಗೆ ಸರಿಯಾಗಿ ಮಾಡೋಕೂ ಬರಲಿಲ್ಲ. ಪಾಪದ ಮುದುಕಿ ಸುಟ್ಕೊಂಡ್ಲು. ಸಂಜೆ ಬೆಳಕಿರುವಾಗ್ಲೇ ಅಂಗಳದಲ್ಲಿ ಸಭೆ ಇದೆ. ಎದ್ದು ನಿಂತು ಎರಡು ಮಾತು ಹೇಳಿ ಸಾಕು. ದೀಪ ನಂದು, ನೊರ್ಕಾ ಅದನ್ನ ಕೆಡಿಸಿದ್ದಾಳೆ, ಅದಕ್ಕೇ ಒಡೀತು ಅಂತ. ದೀಪ ಹುಟ್ಟಿಸಿದವಳೇ ಹೇಳಿದ್ರೆ ಇಲ್ಲ ಅನ್ನೋರು ಯಾರು? ಆಮೇಲೆ ನಾನು ಪೊಲೀಸರ ಹತ್ರ ಮಾತಾಡ್ತೀನಿ. ಫ್ಯಾನು ನಿಮ್ಮನೆಗೆ ಬರುತ್ತೆ. ಬೋರ್ಡಲ್ಲಿ ನಿಮ್ಮ ಫೋಟೋ."

ಅವಳು ಮುಚ್ಚಳ ಎತ್ತಿಕೊಂಡಳು. ಸೆರಗಿಲ್ಲದ ಊರಿನ ಹೆಂಗಸು. ಲಂಗದ ಚುಂಗಿನಿಂದಲೇ ಮಸಿ ಒರೆಸಿದಳು. ಬತ್ತಿಯ ತೂತು ಇತ್ತು. ಪಕ್ಕದಲ್ಲಿ ಎರಡನೆಯ ತೂತೂ ಇತ್ತು. ಇದ್ದದ್ದಷ್ಟೇ ಅಲ್ಲ, ತಗಡಿನ ಅಂಚನ್ನು ಮೇಲಕ್ಕೆ ಮಡಿಸಿ ಪುಟ್ಟ ಕೊರಳು ಮಾಡಿ, ಮಸಿ ತುಂಬಿ ಕಟ್ಟದಂತೆ ನೋಡಿಕೊಳ್ಳಲಾಗಿತ್ತು. ಒಬ್ದುಲಿಯಾಳ ಬುಡ್ಡಿಯಲ್ಲಿ ಆ ತೂತು ವಾರಕ್ಕೊಮ್ಮೆ ಕಟ್ಟುತ್ತಿತ್ತು, ಸೂಜಿಯಿಂದ ಬಿಡಿಸಬೇಕಾಗುತ್ತಿತ್ತು. ಈ ಉಪಾಯ ಅವಳಿಗೆ ಹೊಳೆದಿರಲಿಲ್ಲ.

ಕದ್ದವಳು ಕದ್ದದ್ದನ್ನು ಕೆಡಿಸಿದ್ದರೆ ಕ್ಷಮಿಸಬಹುದಿತ್ತು. ಕದ್ದು ಇನ್ನೂ ಚೆನ್ನಾಗಿ ಮಾಡಿದ್ದಾಳಲ್ಲ, ಇದನ್ನು ಹೇಗೆ ತಡೆಯುವುದು. ನಿನ್ನೆ ಆರಿತೆನ್ನಿಸಿದ್ದ ಹೊಟ್ಟೆಯ ಕಿಚ್ಚು ಮತ್ತೆ ಧಗ್ಗೆಂದಿತು.

ಎವರಾರ್ದೊ ಹೋದ ಮೇಲೆ ಅವಳು ಅವನು ಬಿಟ್ಟುಹೋದ ಗಂಟಿನ ಬಟ್ಟೆಯನ್ನು ಮೂಗಿಗೆ ಹಿಡಿದಳು. ಮಸಿಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಬಸ್ಸುಗಳು ಓಡುತ್ತಿದ್ದ ಕಾಲದಲ್ಲಿ ಡಿಪೊ ಮುಂದೆ ಹಾದರೆ ಬರುತ್ತಿದ್ದ ವಾಸನೆ.

"ಮಾಯ್ಲೆನ್, ಆ ಎಣ್ಣೆ ಪೀಪಾಯಿ ಎಲ್ಲಿಂದ ತಂದ್ರು?"

"ಬಸ್ ಡಿಪೊದಿಂದ. ಖಾಲಿ ಬಿದ್ದಿತ್ತಂತೆ."

"ಅದರಲ್ಲಿ ಮುಂಚೆ ಏನಿತ್ತು?"

"ಪೆಟ್ರೋಲೋ ಏನೋ. ಇನ್ನೇನಿರುತ್ತೆ ಡಿಪೊದಲ್ಲಿ."

"ತೊಳೆದ್ರಾ?"

"ಅಷ್ಟು ದೊಡ್ಡದನ್ನ ಯಾರು ತೊಳೀತಾರಮ್ಮ? ತಳದಲ್ಲಿ ಬಳಬಳ ಅಂತಿತ್ತು. ಟೈಮಿಲ್ಲ, ಸೀಮೆಎಣ್ಣೆ ಸುರೀರಿ ಮೇಲೆ ಅಂದ ಎವರಾರ್ದೊ."

ಒಬ್ದುಲಿಯಾ ಹಲಗೆಯ ಮೇಲಿಂದ ಆ ವಾರದ ಎಣ್ಣೆಯ ಭರಣಿ ಇಳಿಸಿದಳು. ಅಂಗೈಗೆ ತುಸು ಸುರಿದುಕೊಂಡಳು. ಸೀಮೆಎಣ್ಣೆ ಜಿಡ್ಡಾಗಿ ಕೂರಬೇಕು. ಇದು ಕೈ ತಣ್ಣಗೆ ಮಾಡಿ ಅರೆಪಾಲು ಹಾರಿಹೋಯಿತು. ಈ ಪರೀಕ್ಷೆ ಗೊತ್ತಿಲ್ಲದ ಹೆಂಗಸು ಆ ಬೀದಿಯಲ್ಲಿರಲಿಲ್ಲ; ಆದರೆ ಸಮಿತಿ ಕೊಟ್ಟ ಎಣ್ಣೆಯನ್ನು ಪರೀಕ್ಷಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಒಂದು ಸಣ್ಣ ಭರಣಿ ತೊಳೆಯಲು ಬೆಳಗಿನಿಂದ ಸಂಜೆ ಮಾಡುತ್ತೇವೆ. ಇಡೀ ಬೀದಿಗೆ ಬೆಂಕಿ ಹಂಚುವ ಪೀಪಾಯಿ ತೊಳೆಯಲು ಆ ಮನುಷ್ಯನಿಗೆ ಟೈಮಿರಲಿಲ್ಲ.

"ಎರಡನೇ ತೂತು ಹೊಡೀರಿ ಅಂತ ನಿಮಗೆ ಯಾರು ಹೇಳಿದ್ದು?"

ಮಾಯ್ಲೆನ್ ತಾಯಿಯ ಮುಖ ನೋಡಿದಳು. "ನೊರ್ಕಾ. ಪ್ರತಿಯೊಬ್ಬರಿಗೂ ಹೇಳಿದ್ಲು. ನನಗಂತೂ, ನಿಮ್ಮಮ್ಮ ಬುದ್ಧಿವಂತೆ, ಈ ತೂತು ಮರೆತ್ರೆ ದೀಪ ಮುನಿಯುತ್ತೆ ಅಂದ್ಲು."

"ನನ್ನ ಹೆಸರು ಹೇಳಿದ್ಲಾ?"

"ಮನೆ ಒಳಗೆ ಹೇಳ್ತಾಳೆ."

ಮನೆ ಒಳಗೆ. ವೇದಿಕೆಯ ಮೇಲಲ್ಲ.

ಮಧ್ಯಾಹ್ನ ಸಮಿತಿಯ ಇಬ್ಬರು ಬಂದು ನೊರ್ಕಾಳ ಮೇಜಿನಿಂದ ಫ್ಯಾನು ಎತ್ತಿ, ಅಂಗಳ ದಾಟಿಸಿ, ಒಬ್ದುಲಿಯಾಳ ಮೇಜಿನ ಮೇಲಿಟ್ಟು ಹೋದರು. ನೊರ್ಕಾ ಬಾಗಿಲಲ್ಲಿ ನಿಂತು ನೋಡಿದಳು. ಹುಬ್ಬಿನ ಇದ್ದಿಲು ಬೆವರಿಗೆ ಇಳಿದು ಕೆನ್ನೆಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ. ಒಬ್ದುಲಿಯಾ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆರೆದಳು. ಇಷ್ಟು ದಿನ ಕದ್ದುಮುಚ್ಚಿ ಹೆಣೆದದ್ದನ್ನು ತೆಗೆದು ಫ್ಯಾನಿಗೆ ಹೊದಿಸಿದಳು. ಬಿಳಿ ನೂಲಿನ ಕವಚ, ಅಂಚಿಗೆ ಹೂವು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಂಗಳದ ಈಚೆಯಿಂದ ನೋಡಿನೋಡಿಯೇ ತೆಗೆದುಕೊಂಡ ಅಳತೆ ಅದು. ಕೂತು ಬಹಳ ಹೊತ್ತು ನೋಡಿದಳು. ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಅಳು ಬಂತು.

ಸಂಜೆ ಎಲ್ಲರೂ ತಮ್ಮತಮ್ಮ ಕುರ್ಚಿ ತಂದು ಅಂಗಳದಲ್ಲಿ ಹಾಕಿಕೊಂಡರು. ತೊಮಾಸಾಳನ್ನು ತೂಗುಕುರ್ಚಿಯ ಸಮೇತ ಎತ್ತಿ ತಂದಿದ್ದರು. ಎವರಾರ್ದೊ ಬಹಳ ಹೊತ್ತು ಮಾತಾಡಿದ. ಹೊಣೆಗಾರಿಕೆ, ಎಚ್ಚರ, ಬೀದಿಯ ಮಾನ. ಕೊನೆಗೆ, "ಈ ದೀಪದ ನಿಜವಾದ ಒಡತಿ ಈಗ ಮಾತಾಡ್ತಾರೆ," ಎಂದ. ಅವಳ ಇಡೀ ಬದುಕಿನಲ್ಲಿ ಅವಳ ಕಡೆಗೆ ಅಷ್ಟು ಮುಖಗಳು ತಿರುಗಿದ್ದು ಅದೇ ಮೊದಲು.

ಒಬ್ದುಲಿಯಾ ಎದ್ದಳು. ಕೈಯಲ್ಲಿ ಎಣ್ಣೆಯ ಭರಣಿಯಿತ್ತು.

"ದೀಪ ನಂದು," ಎಂದಳು. "ಇವಳು ಕದ್ಲು. ಬೇಕಂತಲೇ ಕದ್ಲು. ಭರಣಿ ಇವತ್ತಿಗೂ ವಾಪಸ್ ಕೊಟ್ಟಿಲ್ಲ."

ನೊರ್ಕಾ ತಲೆ ತಗ್ಗಿಸಲಿಲ್ಲ. "ಕದ್ದೆ," ಎಂದಳು.

"ಆಯ್ತಲ್ಲ," ಎಂದ ಎವರಾರ್ದೊ. "ಈಗ ದೀಪ ಯಾಕೆ ಒಡೀತು ಹೇಳಿ."

ಒಬ್ದುಲಿಯಾ ತೊಮಾಸಾಳ ಹತ್ತಿರ ಹೋದಳು. ಭರಣಿಯ ಮುಚ್ಚಳ ತಿರುಗಿಸಿ, "ಆ ಒಳ್ಳೆ ಕೈ ಚಾಚಜ್ಜಿ," ಎಂದು ಮುದುಕಿಯ ಅಂಗೈಗೆ ಒಂದು ಹನಿ ಬಿಟ್ಟಳು. ತೊಮಾಸಾ ಕೈ ಉಜ್ಜಿದಳು, ಮೂಸಿದಳು, ಮತ್ತೆ ಉಜ್ಜಿದಳು. ಆ ಮುಖದಲ್ಲಿ ಏನೋ ನಿಧಾನವಾಗಿ ಗಟ್ಟಿಯಾಯಿತು.

"ಅಯ್ಯೋ, ಇದು ಸೀಮೆಎಣ್ಣೆ ಅಲ್ಲ ಕಣೆ," ಎಂದಳು. "ಇದು ಪೆಟ್ರೋಲು, ಗಾಡಿ ಕುಡಿಯೋದು."

ಪಕ್ಕದವಳೂ ಕೈ ಚಾಚಿದಳು. ಅವಳ ಪಕ್ಕದವಳೂ. ಕುರ್ಚಿಗಳು ಸರಿದವು. ಯಾರೋ, "ಪೀಪಾಯಿ ತೊಳೆದಿದ್ರೇನ್ರೀ?" ಎಂದು ಕೇಳಿದರು. ಎವರಾರ್ದೊನ ಗಂಟಲಿನಿಂದ ಮೊದಲ ಸಲ ಠರಾವು ಹೊರಡಲಿಲ್ಲ. ಅವನು ಮೇಜು ಬಳಸಿಕೊಂಡು ಒಬ್ದುಲಿಯಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಹುಚ್ಚು ಹಿಡೀತಾ ನಿಂಗೆ? ಅವಳನ್ನ ಕಂಡ್ರೆ ನೀನು ಉರಿದುಬೀಳ್ತೀಯ ಅಂತ ಇಡೀ ಬೀದಿಗೆ ಗೊತ್ತು. ಕೆಡಿಸಿದ್ದು ಅವಳೇ ಅಂತ ಒಂದು ಮಾತು ಹೇಳು, ಮುಗೀತು."

"ಉರೀತೀನಿ," ಎಂದಳು ಒಬ್ದುಲಿಯಾ, ಎಲ್ಲರಿಗೂ ಕೇಳುವ ಹಾಗೆ. "ನಾಳೆನೂ ಉರೀತೀನಿ. ಆದ್ರೆ ಅದು ನನ್ನ ಹೊಟ್ಟೆ ಕಿಚ್ಚು. ನಿನ್ನ ಅನ್ನ ಬೇಯಿಸ್ಕೊಳ್ಳೋಕೆ ಅಲ್ಲ. ಅವಳು ಕೆಡಿಸಿಲ್ಲ. ನನಗಿಂತ ಚೆನ್ನಾಗಿ ಮಾಡಿದ್ದಾಳೆ, ರಂಡೆ."

ಆ ಕೊನೆಯ ಮಾತು ಹೇಳುವುದಕ್ಕಿಂತ ಅಂಗಳದ ಕಲ್ಲು ನುಂಗುವುದು ಸುಲಭವಿತ್ತು. ನೊರ್ಕಾ ಎದ್ದು ಬಂದು ಅವಳ ಪಕ್ಕ ನಿಂತಳು. ನಿಂತೊಡನೆ ಅರ್ಧ ಕಣ್ಣುಗಳು ನೊರ್ಕಾಳ ಕಡೆಗೆ ಹೋದದ್ದನ್ನು ಒಬ್ದುಲಿಯಾ ಗಮನಿಸಿದಳು. ಆಗಲೂ ಗಮನಿಸಿದಳು.

"ಫ್ಯಾನು ವಾಪಸ್ ಹೋಗುತ್ತೆ," ಎಂದ ಎವರಾರ್ದೊ.

"ಹೋಗ್ಲಿ. ಕವಚ ನಂದು, ಅದನ್ನ ತೆಗೆದಿಟ್ಟು ಒಯ್ಯೋಕೆ ಹೇಳು."

ಅವನು ಕೈ ಚಾಚಿದ. ಅಂಗೈ ಮೇಲೆ ಮಾಡಿ, ಎಲ್ಲರೂ ನೋಡುತ್ತಿರುವಾಗ, ಅಧ್ಯಕ್ಷರ ದನಿ ಮರಳಿ ತಂದುಕೊಂಡು ಹೇಳಿದ: "ಆ ಭರಣಿ ಇಲ್ಲಿ ಕೊಡಿ. ಸಮಿತಿ ಪರೀಕ್ಷೆ ಮಾಡಿಸುತ್ತೆ. ಮಾಡಿಸಿ ವಾಪಸ್ ಕೊಡುತ್ತೆ."

ಒಬ್ದುಲಿಯಾ ಮುಚ್ಚಳ ಬಿಗಿಯಾಗಿ ತಿರುಗಿಸಿದಳು. ಭರಣಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಇಲ್ಲ," ಎಂದಳು. "ಈ ಭರಣಿ ಕೊಡಲ್ಲ."